ಪಡಸಾಲೆಯ ಗೋಡೆ

ತಾನಿರುವ ಮನೆಯ ಬಾಜುವಿನ ಮನೆಯನ್ನು ಮಾರಲೆಂದು ತೋರಿಸುತ್ತಿದ್ದ ಸುಭಾಸ ಅಡಿಗೆಮನೆಯ ಬಾಗಿಲು ತೆಗೆಯುವಷ್ಟರಲ್ಲಿ ಈರಬಸಪ್ಪನವರು ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಿದ್ದರು. ಲಿಂಗಪೂಜೆಗೆ ಕುಳಿತವರಂತೆ ಎಡಗೈ ತೊಡೆಯ ಮೇಲಿತ್ತು, ಕಣ್ಣುಗಳು ಮುಚ್ಚಿದ್ದವು.

"ಎಲ್ಲಾರೂ ಮೊದಲ ನೀರಿನ ನಳ ನೋಡ್ತಾರ್ರಿ ಕಾಕಾ. ನೀವು ಗ್ವಾಡಿಗೆ ಗಂಟ ಬಿದ್ದೀರಲ್ಲ" ಎಂದು ಸುಭಾಸ ನಕ್ಕ. "ಒಬ್ಬರಿಗೆ ಇಷ್ಟ ದೊಡ್ಡ ಮನಿ ಯಾಕ್ರಿ? ಗುಡಗೇರ್ಯಾಗ ಬಾಡಿಗಿ ಮನಿಗೆ ಬರ ಬಂದೈತೇನು?"

ಈರಬಸಪ್ಪನವರ ಸಂಸಾರವೆಲ್ಲ ಬಾಡಿಗೆ ಮನೆಗಳಲ್ಲೇ ಕಳೆದಿತ್ತು. ಹೋದ ಶ್ರಾವಣದಲ್ಲಿ ಹೆಂಡತಿ ಗುರವ್ವ ಆಸ್ಪತ್ರೆಯಲ್ಲಿ ಲಿಂಗೈಕ್ಯಳಾದಳು. ವಿಭೂತಿ ಹಚ್ಚಿ, ಮಾಲೆ ಹಾಕಿ, ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡ್ರಿಸೋಣವೆಂದು ಮನೆಗೆ ತಂದಾಗ ಮಾಲೀಕ ಬಾಗಿಲಿಗೆ ಅಡ್ಡ ನಿಂತ. "ಹೊರಗ ಕೂಡ್ರಸ್ರಿ. ನಾಳೆ ಈ ಮನಿಗೆ ಬಾಡಿಗಿಗೆ ಯಾರೂ ಬರಂಗಿಲ್ಲ" ಎಂದ. ಓಣಿಯ ಲೈಟಿನ ಕಂಬಕ್ಕೆ ಒರಗಿಸಿ ಕೂಡ್ರಿಸಿದರು. ಭಜನೆಯ ನಡುವೆಯೇ ಮೋಟಾರು ಸೈಕಲ್ಲುಗಳು ಹಾರ್ನ್ ಹೊಡೆಯುತ್ತ ದಾಟಿ ಹೋದವು.

"ನನ್ನ ಹಂಗ ಬೀದ್ಯಾಗ ಕೂಡ್ರಸಬಾರದು ತಮ್ಮಾ" ಎಂದರು ಈರಬಸಪ್ಪನವರು, ಕಣ್ಣು ತೆರೆಯದೆ. "ಈ ಗ್ವಾಡಿ ನಂದ ಆದ್ರ ಯಾರೂ ಬ್ಯಾಡ ಅನ್ನಂಗಿಲ್ಲ."

ಸುಭಾಸನ ನಗೆ ನಿಂತಿತು. ಅವರಿಗೆ ಮಕ್ಕಳಿಲ್ಲವೆಂಬುದು ಅವನಿಗೆ ಗೊತ್ತಿತ್ತು. "ಖರೇ ಕಾಕಾ. ಆದ್ರ ಕೂಡ್ರಸವ್ರು ಯಾರ್ರಿ?"

"ಸಂತಿ ಹತ್ರ ಇದಕ್ಕಿಂತ ಕಡಿಮಿ ರೊಕ್ಕದ ಮನಿ ಇತ್ತು. ನಿನ್ನ ಬಾಜುಕ ಐತಿ ಅಂತ ಇದನ್ನ ತಗೋಳಾಕ ಬಂದೀನಿ" ಎಂದು ಈರಬಸಪ್ಪನವರು ಮೇಲೇಳಲು ಅವನತ್ತ ಕೈ ಚಾಚಿದರು.