ಮೂಗಿನ ಪರೀಕ್ಷೆ

“ಮೂಸು,” ಎಂದು ಎಫುವಾ ದೊಡ್ಡಮ್ಮ ಬಾಯಿಗೆ ಬಟ್ಟೆ ಕಟ್ಟಿದ ಮಡಕೆಯೊಂದನ್ನು ಕ್ವಾಮೆನನ ಮೂಗಿನ ಕೆಳಗೆ ಹಿಡಿದಳು. ಬೇಲಿಯಾಚೆ ನೆರೆಮನೆಯ ಮಾನ್ಸಾ ಅಂಗಳ ಗುಡಿಸುತ್ತಿದ್ದಳು. ಮಗಳ ಬಾಣಂತನಕ್ಕೆಂದು ಕುಮಾಸಿಗೆ ಹೋದವಳು ಎಷ್ಟೋ ತಿಂಗಳ ಮೇಲೆ ನಿನ್ನೆಯಷ್ಟೇ ಮರಳಿದ್ದಳು.

ಕ್ವಾಮೆನ ಕೇಪ್ ಕೋಸ್ಟಿನ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಂಡು ಬಂದರೆ ಮರುದಿನ ಈ ಪರೀಕ್ಷೆ ತಪ್ಪಿದ್ದಲ್ಲ. ಇಪ್ಪತ್ತನಾಲ್ಕು ತುಂಬಿದರೂ ಮೀಸೆ ಮೂಡದ, ದನಿ ಒಡೆಯದ, ಒಂದು ಬುಟ್ಟಿ ಮೀನು ಹೊತ್ತರೆ ಕುಸಿದು ಕೂರುತ್ತಿದ್ದ ತಂಗಿಯ ಮಗನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳೂ ದೊಡ್ಡಮ್ಮನೇ. ಡಾಕ್ಟರು ರಕ್ತ ನೋಡಿದರು, ಮೈ ನೋಡಿದರು, ಆಮೇಲೆ ಯಾರೂ ಕೇಳದ ಪ್ರಶ್ನೆ ಕೇಳಿದರು: “ನಿನಗೆ ವಾಸನೆ ಗೊತ್ತಾಗುತ್ತಾ?” ಹುಟ್ಟಿದಾಗಿನಿಂದ ಅವನಿಗೆ ಗೊತ್ತಾಗಿರಲಿಲ್ಲ. ಗಂಡಸಿನ ಹಾರ್ಮೋನಿಗೆ ಅಪ್ಪಣೆ ಕೊಡುವ ನರಗಳೂ ಮೂಗಿನ ನರಗಳೂ ತಲೆಯೊಳಗೆ ಜೊತೆಯಾಗಿ ಬೆಳೆಯಬೇಕಾದವು, ಇವನಲ್ಲಿ ಎರಡೂ ಕೈಕೊಟ್ಟಿವೆ. ಹಾರ್ಮೋನನ್ನು ಹೊರಗಿನಿಂದ ಕೊಡುತ್ತಾ ಹೋಗಬಹುದು, ಮೂಗು ಮಾತ್ರ ಬರುವುದಿಲ್ಲ ಎಂದರು.

ದೊಡ್ಡಮ್ಮ ಒಪ್ಪಲಿಲ್ಲ. “ಎರಡು ಬಾಗಿಲಿಗೆ ಒಂದೇ ಬೀಗ ಅಂತ ನೀವೇ ಹೇಳ್ತೀರಿ. ಒಂದು ತೆಗೆದ ಮೇಲೆ ಇನ್ನೊಂದು ಸುಮ್ಮನಿರುತ್ತಾ? ಡಾಕ್ಟ್ರೇ, ನಿಮ್ಮ ಮದ್ದು ಕುತ್ತಿಗೆಯಿಂದ ಕೆಳಗಷ್ಟೇ ಕೆಲಸ ಮಾಡೋ ಹಾಗೆ ಏನಾದ್ರೂ ಮಾಡಿ.”

ಅವಳ ಕಷ್ಟ ಅವಳಿಗೆ. ಅವಳ ಕಸುಬು ಮೊಮೊನಿ, ಎಂದರೆ ಉಪ್ಪು ಹಾಕಿ ಕೊಳೆಸಿದ ಮೀನು. ಸಾರಿಗೆ ಒಂದು ಚೂರು ಬಿದ್ದರೆ ನೆಂಟರು ಕರೆಯದೆಯೂ ಬರುತ್ತಾರೆ. ಆದರೆ ಅದು ಕೊಳೆಯುವ ತೊಟ್ಟಿಯ ಪಕ್ಕ ನಿಂತು ತಿರುವಲು ಬಂದ ಆಳುಗಳು ಮಧ್ಯಾಹ್ನದ ಊಟಕ್ಕೂ ನಿಲ್ಲುತ್ತಿರಲಿಲ್ಲ. ತೊಟ್ಟಿಗೆ ಬಗ್ಗಿ ಹಾಡಿಕೊಂಡು ಮೀನು ತಿರುವುವವನು ಇಡೀ ಆಪಾಮ್ ಊರಿಗೆ ಕ್ವಾಮೆನ ಒಬ್ಬನೇ.

ಕ್ವಾಮೆನನ ಕಣ್ಣು ಮಾತ್ರ ದೋಣಿಯ ಮೇಲಿತ್ತು. ಓರಗೆಯವರೆಲ್ಲ ಕಡಲಿಗೆ ಹೋಗುತ್ತಿದ್ದರೆ ಅವನು ಹೆಂಗಸರ ನಡುವೆ ‘ನಮ್ಮ ಮಗು’ ಎನಿಸಿಕೊಂಡು ಉಳಿದಿದ್ದ. ಮದ್ದು ಹಿಡಿಯಿತು. ದನಿ ಒಡೆಯಿತು, ಗದ್ದದಲ್ಲಿ ಹುಡುಕಿದರೆ ಸಿಗುವಷ್ಟು ಗಡ್ಡ ಬಂತು, ತೋಳು ತುಂಬಿತು. ದೋಣಿ ನಡೆಸುವ ತಾಂಡೇಲ ಅವನ ತೋಳು ಹಿಸುಕಿ ನೋಡಿ, “ನಾಳೆ ಬೇಕಾದ್ರೂ ಬಾ. ಆದ್ರೆ ನಿನ್ನ ದೊಡ್ಡಮ್ಮ ಹೂಂ ಅನ್ನಲಿ. ನನ್ನ ದೋಣಿ ಇಂಜಿನ್ನಿನ ಎಣ್ಣೆಗೆ ದುಡ್ಡು ಕೊಡೋಳು ಅವಳು,” ಎಂದಿದ್ದ. ದೊಡ್ಡಮ್ಮ ಎಂದೋ ಅಂದುಬಿಟ್ಟಿದ್ದಳು: “ಮೂಗು ಬಂದ ದಿನ ಹೋಗು. ಆಮೇಲೆ ನನ್ನ ತೊಟ್ಟಿಗೂ ನೀನು ದಂಡ.” ಈ ದಿನ ಮಂಗಳವಾರ, ಸಮುದ್ರಕ್ಕೆ ಬಿಡುವು, ಒಂದು ದೋಣಿಯೂ ಇಳಿಯುವುದಿಲ್ಲ. ನಾಳೆ ನಸುಕಿಗೆ ಎಲ್ಲವೂ ಇಳಿಯುತ್ತವೆ. ಹಾಗಾಗಿ ಕ್ವಾಮೆನನ ಮೂಗು ಇವತ್ತೇ ಬರಬೇಕಿತ್ತು.

ಅವನು ಬಗ್ಗಿ ಉಸಿರೆಳೆದು, ಚೇಳು ಕುಟುಕಿದವನಂತೆ ಹಿಂದಕ್ಕೆ ಹಾರಿದ.

“ಥೂ! ದೂರ ಇಡು ದೊಡ್ಡಮ್ಮ, ದೂರ ಇಡು!”

“ವಾಸನೆ ಬಂತೇನೋ?”

“ಬಂತಾ ಅಂತ ಕೇಳ್ತೀಯಲ್ಲ! ಮೂಗೇ ಕಿತ್ತುಹೋಗ್ತಾ ಇದೆ.”

“ಹೇಗಿದೆ ಹೇಳು ಮತ್ತೆ.”

ಮಡಕೆಯಲ್ಲಿ ಪ್ರತಿ ಸಲದಂತೆ ಮೊಮೊನಿಯೇ ಇರಬೇಕು, ಆದರೆ ಅದರ ವಾಸನೆ ಹೇಗಿರುತ್ತದೆಂದು ಗೊತ್ತಿದ್ದರೆ ತಾನೆ? ಓಡಿಹೋದ ಆಳುಗಳು ಬೈದದ್ದನ್ನೆಲ್ಲ ನೆನೆಸಿಕೊಂಡ. “ಸತ್ತ ಮೇಕೆ ಹಾಗೆ. ಸತ್ತು ಚರಂಡೀಲಿ ಊದಿಕೊಂಡ ಮೇಕೆ. ಅದರ ಮೇಲೆ ತಾಂಡೇಲನ ಒದ್ದೆ ಬೂಟು.”

“ಯಾವ ಕಾಲಿಂದು?”

“ಎರಡೂ ಕಾಲಿಂದು!”

ದೊಡ್ಡಮ್ಮ ಬಟ್ಟೆಯ ಗಂಟು ಬಿಚ್ಚಿದಳು. ಮಡಕೆಯೊಳಗೆ ಮರಗೆಣಸು ತುರಿದು ಹುರಿದ ಗಾರಿ ಹಿಟ್ಟು, ಬೆಣ್ಣೆ ಬ್ರೆಡ್ಡು, ಜೊತೆಗೆ ಅವಳ ಖಾರದ ಶಿಟೋ. ನಿನ್ನೆ ಅವನು ಆಸ್ಪತ್ರೆಗೆ ಹೋದಾಗ ಶುಂಠಿ, ಮೆಣಸಿನಕಾಯಿ, ಒಣಸಿಗಡಿ ಹಾಕಿ ಸಂಜೆಯವರೆಗೂ ಎಣ್ಣೆಯಲ್ಲಿ ಕಾಸಿದ್ದಳು. ಕಡಲಿಗೆ ಹೋಗುವ ಗಂಡಸರಿಗೆ ಮನೆಯವರು ಕಟ್ಟಿಕೊಡುವ ಬುತ್ತಿ ಅದು.

“ನನ್ನ ಶಿಟೋ ಸತ್ತ ಮೇಕೆ ಏನೋ?”

ಕ್ವಾಮೆನ ಬುತ್ತಿ ನೋಡಿದ, ಅವಳನ್ನು ನೋಡಿದ. “ಅಂದ್ರೆ... ನೀನು ಮೊದಲೇ...”

“ತಾಂಡೇಲ ಮೊನ್ನೆನೇ ಬಂದು ಹೇಳಿದ. ಇನ್ನೊಂದು ಸಲ ನೀನೇ ಬಾಯಿಬಿಟ್ಟು ಕೇಳ್ತೀಯ ಅಂತ ಕಾದೆ. ಕೇಳೋದು ಬಿಟ್ಟು ಪಾಪದ ಮೇಕೆ ಸಾಯಿಸಿದೆ.”

“ತೊಟ್ಟಿ ಯಾರು ತಿರುವ್ತಾರೆ ದೊಡ್ಡಮ್ಮ?”

“ಮಂಗಳವಾರ ರಜೆ ಇರೋದು ಸಮುದ್ರಕ್ಕೆ, ನನ್ನ ತೊಟ್ಟಿಗಲ್ಲ. ವಾರಕ್ಕೊಂದು ದಿನ ನೀನೇ ಬಂದು ತಿರುವ್ತೀಯ. ಚುಚ್ಚುಮದ್ದು ತಪ್ಪಿಸಿದೆಯೋ, ಆ ಬೂಟು ತಂದು ನಿಜವಾಗ್ಲೂ ಮೂಸಿಸ್ತೀನಿ.”

“ಹಾಗಾದ್ರೆ ನಾಳೆ ಹೋಗ್ಲಾ?” ಎಂದು ಕ್ವಾಮೆನ ಕೂಗಿದ. ಹೊಸ ದನಿ, ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ, ಕೋಳಿಗಳು ಚದುರಿದವು.

ಬೇಲಿಯಾಚೆ ಪೊರಕೆಯ ಸದ್ದು ನಿಂತಿತು.

“ಏ ಎಫುವಾ!” ಮಾನ್ಸಾ ಕೂಗಿದಳು. “ಬೆಳ್ಳಂಬೆಳಗ್ಗೆ ನಿನ್ನ ಅಂಗಳದಲ್ಲಿ ಅದು ಯಾರೇ ಗಂಡಸು?”

ಗಂಡ ಸತ್ತು ಹತ್ತು ವರ್ಷವಾಗಿದ್ದ ಎಫುವಾ ದೊಡ್ಡಮ್ಮ ತಲೆವಸ್ತ್ರ ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದಳು:

“ನಾನೂ ಈಗಲೇ ನೋಡ್ತಿರೋದು ಕಣೇ! ನಾಳೆ ಕಡಲಿಗೆ ಹೋಗ್ತಾನಂತೆ. ನೋಡೋದಿದ್ರೆ ಬೇಗ ಬಾ.”