ತೂಕದ ದಿನ ಬಾರದ ಮಕ್ಕಳು

ಓದಿದ ಮೇಲೆ ನನಗೆ ನಾಲ್ಕು ಬೈದರೂ ಪರವಾಗಿಲ್ಲ... ಆದರೆ ಅರ್ಧಕ್ಕೆ ಬಿಡಬೇಡಿ.

ನಾನು ಇಪ್ಪತ್ತು ವರ್ಷದಿಂದ ಒಂದು ಸಣ್ಣ ಪತ್ರಿಕೆಯ ವರದಿಗಾರ. ಜಿಲ್ಲೆಯ ಹೆಸರು ಬೇಡ. ನಮ್ಮಂಥವರು ಎಲ್ಲ ಜಿಲ್ಲೆಯಲ್ಲೂ ಇದ್ದೇವೆ.

ಪತ್ರಿಕಾಗೋಷ್ಠಿ ಅಂದರೆ ನಮಗೆ ಉಪ್ಪಿಟ್ಟು, ಶಿರಾ ಮತ್ತು ಒಂದು ಪುಟದ ಪ್ರೆಸ್ ನೋಟ್. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ... ಥೇಟ್ ಅದೇ.

ಅವತ್ತು ಸಚಿವರು ಬರುವವರಿದ್ದರು. ಪ್ರೆಸ್ ನೋಟ್ ಬೆಳಿಗ್ಗೆಯೇ ಮೊಬೈಲ್‌ಗೆ ಬಂದಿತ್ತು.

"ಜಿಲ್ಲೆಯಲ್ಲಿ ತೀವ್ರ ಅಪೌಷ್ಟಿಕತೆಯ ಒಂದು ಮಗುವೂ ಇಲ್ಲ ಎಂದು ವಿಶ್ವವಿದ್ಯಾಲಯದ ಅಧ್ಯಯನ ದೃಢಪಡಿಸಿದೆ. ಆದ್ದರಿಂದ ತಾಲೂಕು ಆಸ್ಪತ್ರೆಯ ಮಕ್ಕಳ ಆರೈಕೆ ಕೇಂದ್ರವನ್ನು ಮುಚ್ಚಲಾಗುವುದು..."

ಹತ್ತು ಮಂಚದ ಕೇಂದ್ರ ಅದು. ಎಲುಬು ಕಾಣುವ ಮಕ್ಕಳನ್ನು ತಾಯಿಯ ಜೊತೆ ಎರಡು ವಾರ ಇಟ್ಟುಕೊಂಡು, ಹಾಲು, ಗಂಜಿ, ಔಷಧ ಕೊಟ್ಟು ಉಳಿಸುವ ಜಾಗ.

ನಾನು ಗೋಷ್ಠಿಗೆ ಮೊದಲೇ ಸುದ್ದಿ ಟೈಪ್ ಮಾಡಿ ಮುಗಿಸಿದ್ದೆ. "ಸಭೆ ಚಪ್ಪಾಳೆ ತಟ್ಟಿ ಸ್ವಾಗತಿಸಿತು" ಅಂತ ಕೂಡ ಬರೆದಿದ್ದೆ. ಸಚಿವರ ಕಾರು ಇನ್ನೂ ಊರಿಗೇ ಬಂದಿರಲಿಲ್ಲ!

ಪಕ್ಕದ ಕುರ್ಚಿಯಲ್ಲಿ ನೀಲಗಂಗಾ ಕೂತಿದ್ದಳು. ಬೇರೆ ಪತ್ರಿಕೆಯ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳು. ತೊಡೆಯ ಮೇಲೆ ಆ ಅಧ್ಯಯನದ ಎಂಬತ್ನಾಲ್ಕು ಪುಟಗಳ ಪ್ರಿಂಟು... ಅಂಚಿನ ತುಂಬ ಪೆನ್ಸಿಲ್ ಗೀಟು.

"ಏನವ್ವಾ, ಪಿಎಚ್‌ಡಿ ಮಾಡಾಕತ್ತೀಯೇನ?" ಅಂತ ಚುಡಾಯಿಸಿದೆ.

"ಅರವತ್ತೊಂದನೇ ಪುಟ ನೋಡ್ರಿ ಅಣ್ಣಾ."

ನೋಡಿದೆ. ಕೋಷ್ಟಕದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದೇ ಒಂದು ವಾಕ್ಯ ಇತ್ತು.

"ತೂಕದ ದಿನ ಅಂಗನವಾಡಿಗೆ ಬಾರದ 412 ಮಕ್ಕಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ."

"ಬರದಿದ್ರ ಏನಾತು? ಊರಿಗೆ ಹೋಗಿರಬೇಕು ಬಿಡು" ಅಂದೆ.

"ಇಲ್ರಿ. ನಿನ್ನೆ ನಾ ಹೋಗಿ ನೋಡಿ ಬಂದೇನಿ."

ಅವಳು ನೋಡಿ ಬಂದದ್ದು ಕಲ್ಲು ಕ್ವಾರಿಯ ಪಕ್ಕದ ಒಂದು ಗುಡಿಸಲು. ತಾಯಿ ಜಲ್ಲಿ ಒಡೆಯಲು ಹೋಗಿದ್ದಳು. ಮೂರು ವರ್ಷದ ಕೂಸು ಎದ್ದು ನಿಲ್ಲಲಾರದೆ ಗೋಣಿಚೀಲದ ಮೇಲೆ ಮಲಗಿತ್ತು. ಮೊಣಕಾಲು ಬಾತ ಅಜ್ಜಿ ನೀಲಗಂಗಾಳಿಗೆ ಅಂದಳಂತೆ...

"ನಡಿಯೋ ಮಕ್ಕಳು ಅಂಗನವಾಡಿಗೆ ಹೋಗ್ತಾವವ್ವಾ... ಇದು ಹೆಂಗ ಹೋಗಬೇಕು?"

ನನ್ನ ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು.

ಅಷ್ಟರಲ್ಲಿ ಅವಳ ಸಂಪಾದಕರ ಫೋನ್ ಬಂತು. ನನಗೂ ಕೇಳಿಸುವಷ್ಟು ಜೋರು ದನಿ. "ಪ್ರಶ್ನೆ ಗಿಶ್ನೆ ಕೇಳಬ್ಯಾಡ. ಅವರ ಜಾಹೀರಾತು ಬರೂದೈತಿ. ನೌಕರಿ ಬೇಕಿದ್ರ ಸುಮ್ಮನ ಬಾ."

ಅವಳು ಫೋನ್ ಬ್ಯಾಗಿಗೆ ಹಾಕಿದಳು.

ಸಚಿವರು ಬಂದರು. ಪ್ರೆಸ್ ನೋಟ್ ಓದಿದರು. "ಏನಾದ್ರೂ ಪ್ರಶ್ನೆ?" ಅಂತ ಕೇಳುತ್ತಲೇ ಕುರ್ಚಿ ಹಿಂದೆ ಸರಿಸಿದರು.

ನೀಲಗಂಗಾ ಎದ್ದು ನಿಂತಳು. "ಆ 412 ಮಕ್ಕಳು ಎಲ್ಲದಾವ್ರಿ ಸರ್?"

"ಯಾವ ಪೇಪರಮ್ಮ ನಿಂದು?"

ನಮ್ಮ ಕಸುಬಿನಲ್ಲಿ ಇದು ಪ್ರಶ್ನೆಯಲ್ಲ... ಬೆದರಿಕೆ.

"ಪೇಪರ್ ಹೆಸರು ಆಮ್ಯಾಲ ಹೇಳ್ತೀನ್ರಿ. ಮೊದಲು ಮಕ್ಕಳು ಎಲ್ಲದಾವ ಹೇಳ್ರಿ."

"ದೊಡ್ಡ ದೊಡ್ಡ ಪ್ರೊಫೆಸರು ಮಾಡಿದ ಸ್ಟಡಿ ಇದು. ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ? ಕೂತ್ಕೋಮ್ಮ!"

"ಕೂಡಂಗಿಲ್ರಿ. ಉತ್ತರ ಸಿಗೂತನಕ ನಿಂತ ಇರ್ತೀನಿ."

ಕೆಲವರು ನಕ್ಕರು. ನಾನೂ ನಕ್ಕೆ... ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಗ ವೇದಿಕೆಯ ತುದಿಯಲ್ಲಿ ಕೂತಿದ್ದ ಬಿಳಿಗೂದಲಿನ ಒಬ್ಬರು ಎದ್ದರು. ಅಧ್ಯಯನ ಮಾಡಿದ ಪ್ರೊಫೆಸರ್ ಅವರೇ. ಹಾರ ಹಾಕಿಸಿಕೊಂಡು ಅಲ್ಲಿಯವರೆಗೂ ತಲೆ ತಗ್ಗಿಸಿ ಕೂತಿದ್ದರು. ಮೈಕ್ ಕೈಗೆ ತೆಗೆದುಕೊಂಡರು.

"ಆಕಿ ಕೇಳಿದ್ದು ಖರೇ ಐತಿ... ಆ ಮಕ್ಕಳನ್ನ ನಾವು ತೂಕಾನ ಮಾಡಿಲ್ಲ. ಜಿಲ್ಲಾದಾಗ ಒಂದು ಮಗೂನೂ ಇಲ್ಲ ಅಂತ ನಾ ಎಲ್ಲೂ ಬರದಿಲ್ಲ."

ಆಮೇಲೆ ನೀಲಗಂಗಾಳ ಕಡೆ ತಿರುಗಿದರು.

"ಆ ಒಂದು ಸಾಲು ಬರಿಯೂ ಅಷ್ಟು ಧೈರ್ಯ ಇತ್ತವ್ವಾ ನನಗ... ಬಾಯಿ ಬಿಟ್ಟು ಹೇಳೂ ಅಷ್ಟು ಇರಲಿಲ್ಲ. ಯಾರರೆ ಓದ್ತಾರೇನೋ ಅಂತ ಕಾಯಾಕತ್ತಿದ್ದೆ."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟರು.

ನಾನೂ ಎದ್ದು ನಿಂತೆ. "ನಂದೂ ಅದೇ ಪ್ರಶ್ನೆ ಸರ್" ಅಂದೆ. ಇಪ್ಪತ್ತು ವರ್ಷದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು!

ಹಿಂದಿನಿಂದ ಇನ್ನೊಬ್ಬರು ಎದ್ದರು... ಮತ್ತೊಬ್ಬರು ಎದ್ದರು. ಉಪ್ಪಿಟ್ಟು ತಟ್ಟೆಯಲ್ಲೇ ತಣ್ಣಗಾಯಿತು. ಟೈಪ್ ಮಾಡಿದ್ದ ಸುದ್ದಿಯನ್ನು, ಆ ಚಪ್ಪಾಳೆ ಸಮೇತ, ನಾನು ಅಲ್ಲೇ ಡಿಲೀಟ್ ಮಾಡಿದೆ.

ಅಷ್ಟು ಜನ ಎದ್ದು ಕೇಳಿದ ಮೇಲೆ ಕೇಂದ್ರ ಮುಚ್ಚಲಿಲ್ಲ. ಮರುವಾರ ತಕ್ಕಡಿಯೇ ಗುಡಿಸಲುಗಳಿಗೆ ಹೋಯಿತು. ತಕ್ಷಣ ಆರೈಕೆ ಬೇಕಾದ ಐವತ್ತೆಂಟು ಮಕ್ಕಳು ಸಿಕ್ಕರು. ಕ್ವಾರಿಯ ಆ ಕೂಸಿಗೆ ಮೂರನೇ ಮಂಚ ಸಿಕ್ಕಿತು.

ನೀಲಗಂಗಾಳಿಗೆ ಸಿಕ್ಕಿದ್ದೇನು ಗೊತ್ತಾ? ವರದಿಗಾರಿಕೆಯಿಂದ ತೆಗೆದು ಶ್ರದ್ಧಾಂಜಲಿ ಪುಟಕ್ಕೆ ಹಾಕಿದರು. ತೀರಿಹೋದವರ ಫೋಟೋ ಜೋಡಿಸುವ ಕೆಲಸ.

ಸಮಾಧಾನ ಹೇಳಲು ಹೋದೆ. "ಬ್ಯಾಸರ ಇಲ್ಲೇನವ್ವಾ?" ಅಂದೆ.

ಅವಳು ಕಂಪ್ಯೂಟರ್‌ನಿಂದ ಕಣ್ಣು ತೆಗೆಯದೆ ಅಂದಳು...

"ಯಾಕ್ರೀ ಅಣ್ಣಾ? ಆ ಕೂಸಿನ ಫೋಟೋ ನನ್ನ ಪುಟಕ್ಕ ಬರಲಿಲ್ಲಲ್ರಿ... ಅಷ್ಟ ಸಾಕು. ನಾಳೆ ಮತ್ತ ಕೇಳಬೇಕಾದ್ರ ಮತ್ತ ಕೇಳ್ತೀನಿ."

ನಾನು ಹೊರಗೆ ಬಂದು, ಗಾಡಿಯ ಪಕ್ಕ ನಿಂತು ಅತ್ತುಬಿಟ್ಟೆ.

ಲೆಕ್ಕಕ್ಕೆ ಸಿಗಲಿಲ್ಲ ಅಂದ ಮಾತ್ರಕ್ಕೆ ಅವರು ಇಲ್ಲ ಅಂತಲ್ಲ... ನಾವು ಕೇಳಲಿಲ್ಲ ಅಂತ ಅರ್ಥ.

ಈಗ ಹೇಳಿ... ನೀವು ಇವತ್ತು ಫಾರ್ವರ್ಡ್ ಮಾಡಿದ ಸುದ್ದಿಗಳಲ್ಲಿ ಎಷ್ಟನ್ನು ಕೊನೆಯ ಸಾಲಿನವರೆಗೆ ಓದಿದ್ದೀರಿ?