ಹಿಂದೆ ಗಿಡ್ಡ, ಮುಂದೆ ಉದ್ದ

"ನಿಮ್ಮ ಸ್ವಭಾವ ಎಂಥದ್ದು ಹೇಳಿ, ಅದಕ್ಕೆ ಒಪ್ಪೋ ಬಾಬ್ ಕಟ್ ನಾನು ಆರಿಸ್ತೀನಿ," ಎಂದಳು ಪಾರ್ಲರಿನಾಕೆ, ಕೂದಲ ಮಾದರಿಗಳ ಆಲ್ಬಮ್ಮನ್ನು ಗಿರಾಕಿಯ ತೊಡೆಯ ಮೇಲಿಡುತ್ತ. "ಮೃದು ಸ್ವಭಾವದವರಿಗೆ ಭುಜ ಮುಟ್ಟೋದು. ಚುರುಕಿನವರಿಗೆ ಗದ್ದದ ಮಟ್ಟದ್ದು."

"ನನ್ನ ಸ್ವಭಾವ ಕಟ್ಟಿಕೊಂಡು ಏನಾಗಬೇಕು? ನಮ್ಮ ಸೂಪರ್‌ವೈಸರ್ ಸ್ವಭಾವಕ್ಕೆ ತಕ್ಕ ಹಾಗೆ ಕತ್ತರಿಸಿ."

ಕುರ್ಚಿಯಲ್ಲಿ ಕೂತವಳು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅಂಗಿಗಳಿಗೆ ತೋಳು ಕೂಡಿಸುವವಳು. ಸೊಂಟ ದಾಟಿದ ಜಡೆ. ಹಿಂದಿನ ಬೆಂಚಿನ ಮೇಲೆ ಅತ್ತೆ; ಸೊಸೆಗೆ ತಲೆ ಕೆಟ್ಟಿದೆ ಎಂದು ದಾರಿಯುದ್ದಕ್ಕೂ ಸಾರಿಕೊಂಡೇ ಬಂದು, ಈಗ ಬಾಯಾರಿ ಕೂತಿದ್ದಳು.

"ಸೂಪರ್‌ವೈಸರ್ ಯಾಕೆ ಬಂದ್ರು ನಡುವೆ?"

"ನಡುವೆ ಬರಲ್ಲ, ಹಿಂದೆ ಬರ್ತಾನೆ. ಮೂವತ್ತು ಮೆಷಿನ್ ಓಡೋವಾಗ ಕೂಗಿದ್ರೆ ಯಾರಿಗೂ ಕೇಳಿಸಲ್ವಂತೆ. ಅದಕ್ಕೆ ಜಡೆ ಎಳೀತಾನೆ. ಒಂದು ಸಲ ಎಳೆದ್ರೆ ಬೇಗ ಹೊಲಿ ಅಂತ. ಎರಡು ಸಲ ಎಳೆದ್ರೆ ತೋಳು ಸೊಟ್ಟಗಾಗಿದೆ, ಬಿಚ್ಚು ಅಂತ. ಮೂರಾದ್ರೆ ಎದ್ದು ಅವನ ಮೇಜಿನ ಹತ್ರ ಹೋಗಬೇಕು. ಆರು ವರ್ಷದಿಂದ ಇದೇ ಭಾಷೆ. ಮ್ಯಾನೇಜರಿಗೆ ಹೇಳಿದೆ. ‘ಇಷ್ಟು ಗದ್ದಲದಲ್ಲಿ ಇನ್ನು ಹೇಗಮ್ಮ ಕರೀಬೇಕು?’ ಅಂತ ನಕ್ಕ. ಜೋರು ಮಾಡಿದ್ರೆ ಗೇಟಿನಾಚೆ ಹಾಕ್ತಾರೆ. ಕೂದಲು ಕತ್ತರಿಸಿಕೊಂಡ್ರೆ ಹಾಕೋಕಾಗಲ್ಲವಲ್ಲ!"

"ತುರುಬು ಕಟ್ಟಿಕೊಂಡಿದ್ರೆ ಆಗ್ತಿರಲಿಲ್ವೇನೇ?" ಎಂದಳು ಅತ್ತೆ. ಈ ಎಳೆದಾಟದ ಸುದ್ದಿ ಅವಳಿಗೂ ಹೊಸದು.

"ಕಟ್ಟಿದ್ದೆ ಅತ್ತೆ. ಬಾಗಿಲ ಹಿಡಿಕೆ ಥರ ಅವನಿಗೆ ಇನ್ನೂ ಅನುಕೂಲ ಆಯ್ತು."

ವಾರ ವಾರ ಆ ಜಡೆಗೆ ಎಣ್ಣೆ ತಿಕ್ಕಿದವಳು ಅತ್ತೆ. "ಅಂದ್ರೆ ನಾನು ಇಷ್ಟು ವರ್ಷ ಎಣ್ಣೆ ಹಾಕಿ ಸಾಕಿದ್ದು ಆ ದರಿದ್ರದವನ ಮುಷ್ಟಿಗಾ?" ಎಂದವಳೇ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನೀನು ಕತ್ತರಿಸು ತಾಯಿ. ಸಾಕೋ ಬೇಕೋ ನಾನು ಹೇಳ್ತೀನಿ. ಈಗ ನಾನೇ ಸೂಪರ್‌ವೈಸರ್."

ಜಡೆ ಬಿತ್ತು. ಕೂದಲು ಭುಜದ ಮಟ್ಟಕ್ಕೆ ನಿಂತಿತು. ಅತ್ತೆ ಕಳ್ಳ ಹೆಜ್ಜೆ ಹಾಕಿ ಬಂದು ಗಬಕ್ಕನೆ ಹಿಡಿದಳು.

"ಅಯ್ಯೋ, ನಿಜವಾಗ್ಲೂ ಎಳೀಬೇಡಿ ಅತ್ತೆ!"

"ಅವನೇನು ಸುಳ್ಳು ಸುಳ್ಳೇ ಎಳೀತಾನಾ? ಕೈತುಂಬ ಸಿಗ್ತಿದೆ. ಇನ್ನೂ ಹೋಗ್ಲಿ."

ಗದ್ದದ ಮಟ್ಟಕ್ಕೆ ಬಂತು. ಎರಡು ಬೆರಳಿಗೆ ಸಿಕ್ಕಿತು. ಇನ್ನೂ ಸಾಲದೆಂದು ಅತ್ತೆ ತಲೆಯಾಡಿಸಿದಳು. ಪಾರ್ಲರಿನಾಕೆಗೂ ಈಗ ಹುರುಪು ಹತ್ತಿತ್ತು. ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಆಲ್ಬಮ್ಮಿನ ಹಾಳೆ ಮಗುಚಿ ಒಂದು ಚಿತ್ರದ ಮೇಲೆ ಬೆರಳಿಟ್ಟಳು. "ಇದು ನೋಡಿ, ಹಿಂದೆ ಗಿಡ್ಡ, ಮುಂದೆ ಉದ್ದ. ಕೆನ್ನೆ ಮೇಲೆ ಬಾಗಿ ಕೂರುತ್ತೆ, ದುಂಡು ಮುಖಕ್ಕೆ ಚಂದ. ಆದ್ರೆ ಮುಂದೆ ಹಿಡಿಯೋಕೆ ಸಿಗುತ್ತೆ ಮತ್ತೆ."

"ಮುಂದೆ ಬರೋ ಎದೆಗಾರಿಕೆ ಇದ್ದಿದ್ರೆ ಅವನು ಬಾಯಲ್ಲೇ ಕರೀತಿದ್ದ. ಇದೇ ಇರಲಿ," ಎಂದಳು ಸೊಸೆ.

ಕತ್ತಿನ ಹಿಂದೆ ಕತ್ತರಿ ಕಚಕಚನೆ ಓಡಿತು. ಅತ್ತೆ ಮೂರನೆಯ ಸಲ ಬಂದಳು. ಹಿಡಿದಳು, ಜಾರಿತು. ಮತ್ತೆ ಹಿಡಿಯಹೋಗಿ ತಾನೇ ಬೆಂಚಿನ ಮೇಲೆ ಕುಕ್ಕರಿಸಿದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಸೊಸೆ ಕನ್ನಡಿ ನೋಡಿದಳು. ತಲೆಯನ್ನು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ತಿರುಗಿಸಿದಳು. "ಅಲ್ಲ ಅತ್ತೆ, ಇದು ನನಗೂ ಒಪ್ಪುತ್ತಲ್ಲ!"

ಮರುದಿನ ಫ್ಯಾಕ್ಟರಿಯ ಗೇಟಿನ ಹತ್ತಿರ ಹೊಲಿಯುವವರ ಇಡೀ ಲೈನು ಅವಳ ಕತ್ತಿನ ಹಿಂದೆ ಕೈಯಾಡಿಸಿ ನೋಡಿತು. "ಇನ್ನು ಕರೀಬೇಕಾದ್ರೆ ಮಹಾರಾಯ ಬಾಯಿ ತೆಗೀಲೇಬೇಕು," ಎಂದಳು ಕಾಲರ್ ಹೊಲಿಯುವವಳು. "ತೆಗೀಲಿ, ತೆಗೀಲಿ. ಅಷ್ಟು ಕಷ್ಟಪಟ್ಟು ತೆಗೆದ್ರೆ ನಾವೂ ಕಿವಿಗೊಟ್ಟು ಕೇಳೋಣ," ಎಂದಳು ಗುಂಡಿ ಹಚ್ಚುವವಳು.

ಹತ್ತು ಗಂಟೆಗೆ ಸೂಪರ್‌ವೈಸರ್ ಅವಳ ಹಿಂದೆ ಬಂದ. ಕಣ್ಣು ಪಕ್ಕದ ಅಂಗಿ ರಾಶಿಯ ಮೇಲಿತ್ತು. ಕೈ ತನ್ನಷ್ಟಕ್ಕೆ ತಾನು ಮುಂದೆ ಹೋಗಿ ಗಾಳಿಯನ್ನು ಹಿಡಿಯಿತು. ಇನ್ನೊಮ್ಮೆ ಹಿಡಿಯಿತು. ಆಗ ತಿರುಗಿ ನೋಡಿದ. ಮೊದಲು ಅವಳ ಕತ್ತನ್ನು, ಆಮೇಲೆ ತನ್ನ ಕೈಯನ್ನು. ಅವಳು ತಲೆ ತಗ್ಗಿಸಿ ತೋಳು ಕೂಡಿಸುತ್ತಲೇ ಇದ್ದಳು, ಪಾಪ, ಗದ್ದಲದಲ್ಲಿ ಏನೂ ತಿಳಿಯದವಳ ಹಾಗೆ. ಅವನು ಕೆಮ್ಮಿದ. ಮೇಜು ತಟ್ಟಿದ. ಕೊನೆಗೆ ಬೇರೆ ದಾರಿ ಕಾಣದೆ ಬಾಯಿ ತೆಗೆದ.

"ಏಯ್!"

ಮೂವತ್ತು ಮೆಷಿನ್‌ಗಳೂ ಒಟ್ಟಿಗೆ ನಿಂತವು. ಮೂವತ್ತು ಮುಖಗಳು ಅವನತ್ತ ತಿರುಗಿದವು.

"ಕರೆದ್ರಾ ಸಾರ್?"

ಆ ಹಾಲಿನಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸಿದ್ದು ಅದೇ ಮೊದಲು.